ಚಂದ್ರನ ಮೇಲೆ ನಾನು ಹಾಕಿದ ನೆರಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಿಂದ ದಿನಾ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಏಳನೇ ತರಗತಿಗೆ ವಿಜ್ಞಾನ ಹೇಳುತ್ತಿದ್ದೆ. ಚಂದ್ರನ ಪಾಠವೆಂದರೆ ನನಗೆ ಎಲ್ಲಿಲ್ಲದ ಹುರುಪು. ಮನುಷ್ಯ ಅಲ್ಲಿ ಇಳಿದ ಕಥೆಯನ್ನು ನಾನೇ ಹೋಗಿ ಬಂದವಳಂತೆ ಹೇಳುತ್ತಿದ್ದೆ. ಒಂದು ದಿನ ಅದೇ ಭರದಲ್ಲಿ, ಭೂಮಿಯ ನೆರಳು ಬೀಳುವುದರಿಂದಲೇ ಚಂದ್ರ ದಿನದಿನಕ್ಕೆ ಸವೆಯುತ್ತಾನೆ ಎಂದೂ ಹೇಳಿಬಿಟ್ಟೆ. ಪುಸ್ತಕ ತೆರೆದು ನೋಡುವ ವ್ಯವಧಾನ ಯಾರಿಗಿತ್ತು?

ಭಾನುವಳ್ಳಿಯಿಂದ ಬರುತ್ತಿದ್ದ ರೈತರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು. ತರಗತಿಗೆ ಅವಳೇ ಜಾಣೆ. ಮುಂದಿನ ವಾರ ದಾವಣಗೆರೆಯಲ್ಲಿದ್ದ ವಿಜ್ಞಾನ ರಸಪ್ರಶ್ನೆಗೆ ನಾನೇ ಆರಿಸಿದ್ದ ಇಬ್ಬರಲ್ಲಿ ಒಬ್ಬಳು. ಅದಕ್ಕೆಂದು ಹೊಸ ರಿಬ್ಬನ್ ತೆಗೆದಿಟ್ಟಿದ್ದೇನೆಂದು ಎಲ್ಲರಿಗೂ ಹೇಳಿಕೊಂಡಿದ್ದಳು.

"ಮೇಡಂ, ಅಷ್ಟಮಿ ದಿನ ಸಂಜಿ ಮುಂದೆ ಹೊಲದಾಗೆ ನೋಡೀನ್ರಿ. ಸೂರ್ಯ ಇನ್ನೂ ಮುಳುಗಿರಲ್ಲ, ಅರ್ಧ ಚಂದ್ರ ನೆತ್ತಿ ಮ್ಯಾಲೆ ಇರ್ತಾನೆ. ನಾವು ಅವರಿಬ್ಬರ ನಡುವೆ ಇಲ್ಲಲ್ರಿ, ನಮ್ಮ ನೆರಳು ಅಲ್ಲಿಗೆ ಹೆಂಗೆ ಹೋಗ್ತೈತೆ?"

ಗೊತ್ತಿಲ್ಲ ಎಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಅದರ ಬದಲು, "ಎದುರು ಮಾತಾಡೋಳು ಸ್ಪರ್ಧೆಗೆ ಬರೋದು ಬ್ಯಾಡ" ಎಂದು ಅವಳ ಜಾಗಕ್ಕೆ ಇನ್ನೊಬ್ಬಳನ್ನು ಹಾಕಿದೆ. ಹುಡುಗಿ ಅಳಲಿಲ್ಲ. ಇಡೀ ದಿನ ನೋಟ್‌ಬುಕ್ಕಿನ ಮೇಲೆ ಬಗ್ಗಿ ಕೂತಿದ್ದಳು.

ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ, ಚಂದ್ರ ಸವೆಯುವುದೇಕೆ ಎಂಬ ಪ್ರಶ್ನೆಯೇ ಬರಬೇಕೆ? ನಮ್ಮ ಮಕ್ಕಳು ನನ್ನ ಉತ್ತರವನ್ನು ಚಾಚೂ ತಪ್ಪದೆ ಒಪ್ಪಿಸಿದರು.

"ತಪ್ಪು. ಭೂಮಿ ನೆರಳು ಬೀಳೋದು ಗ್ರಹಣದಲ್ಲಿ ಮಾತ್ರ. ಚಂದ್ರನ ಅರ್ಧಕ್ಕೆ ಯಾವಾಗಲೂ ಬಿಸಿಲು ಇರ್ತದೆ, ಅದರಲ್ಲಿ ನಮಗೆ ಕಾಣೋ ಭಾಗ ದಿನಾ ಬದಲಾಗ್ತದೆ ಅಷ್ಟೆ" ಎಂದರು ತೀರ್ಪುಗಾರರು. ಮಕ್ಕಳಿಬ್ಬರೂ ತಿರುಗಿ ನನ್ನನ್ನು ನೋಡಿದರು. ನಾನು ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

ಮರುದಿನದ ಹೊತ್ತಿಗೆ ಭಾನುವಳ್ಳಿಯ ಹುಡುಗಿಗೆ ಎಲ್ಲ ಗೊತ್ತಾಗಿತ್ತು. ಹಂಗಿಸುತ್ತಾಳೇನೋ ಎಂದು ಹೆದರಿದ್ದೆ. ಹಂಗಿಸಿದ್ದರೇ ಚೆನ್ನಾಗಿತ್ತು. ಅವಳು ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ, "ಬೇಜಾರ್ ಮಾಡ್ಕೋಬ್ಯಾಡ್ರಿ ಮೇಡಂ. ನಾನು ಹೋಗಿದ್ರೂ ನೀವು ಹೇಳಿದ್ದನ್ನೇ ಹೇಳ್ತಿದ್ದೆ" ಎಂದಳು.

ಕಣ್ಣಾರೆ ಕಂಡದ್ದನ್ನು ಬಿಟ್ಟುಕೊಡುವುದನ್ನು ಒಂದೇ ವಾರದಲ್ಲಿ ಅವಳಿಗೆ ಕಲಿಸಿದ್ದೆ. ನಾಚಿಕೆಯಿಂದ ಕುಗ್ಗಿಹೋದೆ. ಆಗಲಾದರೂ, ನೀನು ಹೇಳಿದ್ದೇ ಸರಿ ಎನ್ನಬಹುದಿತ್ತು.

"ಹೋಗಿ ಕೂತ್ಕೋ" ಎಂದೆ.