ಕಾರಿಗೊಂದು ಪರಿಮಳ

ಕಳೆದ ಭಾನುವಾರ ಬಾಬುರಾಯನಕೊಪ್ಪಲಿನ ರಸ್ತೆ ಬದಿಯ ಅಂಗಡಿಯಲ್ಲಿ ನಾನೊಂದು ಮೊಬೈಲ್ ಸ್ಟ್ಯಾಂಡು ಕೊಂಡೆ. ನನ್ನ ಬಾಳಿನ ಹನ್ನೊಂದನೆಯದೋ ಹನ್ನೆರಡನೆಯದೋ ಸ್ಟ್ಯಾಂಡು ಅದು. ಕೆ.ಆರ್.ಪೇಟೆಯಲ್ಲಿ ಭಾಮೈದನ ಮನೆಯ ಗೃಹಪ್ರವೇಶಕ್ಕೆ ಹೊತ್ತಾಗುತ್ತಿತ್ತು. ಹೆಂಡತಿ ಕಾರಿನೊಳಗೆ ಕೂತು ವಾಚು ನೋಡಿಕೊಳ್ಳುತ್ತಿದ್ದಳು. ಅಂಗಡಿಯವನು ಪುಕ್ಕಟೆಯಾಗಿ ಒಂದು ಪುಟ್ಟ ಪರ್ಫ್ಯೂಮು ಬಾಟಲಿಯನ್ನೂ ಕೈಗಿಟ್ಟ. ಮುಚ್ಚಳ ತೆಗೆದು ಮೂಸಿದೆ. ಬಾಟಲಿಯ ಮೇಲೆ ನಿಂಬೆಹಣ್ಣಿನ ಚಿತ್ರವಿತ್ತು, ಒಳಗೆ ನಿಂಬೆಹಣ್ಣೊಂದು ಬಿಟ್ಟು ಮಿಕ್ಕೆಲ್ಲದರ ವಾಸನೆಯಿತ್ತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಪಾಂಡವಪುರದ ಮುಜೀಬಣ್ಣ ನೆನಪಾದ.

ಮುಜೀಬಣ್ಣನ ಕಥೆಗೆ ಮೊದಲು ನನ್ನ ವಿಷಯ ಒಂದಿಷ್ಟು ಹೇಳಬೇಕು. ನನಗೆ ಕೂತಲ್ಲಿ ಕೂರುವ ಅಭ್ಯಾಸವಿಲ್ಲ. ಅಂದರೆ ಮನಸ್ಸು ಕೂರುವುದಿಲ್ಲ, ಅದರ ಕಾಟಕ್ಕೆ ದೇಹವೂ ಏಳುತ್ತದೆ. ಊಟಕ್ಕೆ ಕೂತರೆ ತಟ್ಟೆಯ ಅಂಚು ಇನ್ನೊಂದು ಬೆರಳು ಎತ್ತರವಿದ್ದರೆ ಸಾರು ಹರಿಯುತ್ತಿರಲಿಲ್ಲವಲ್ಲ ಎಂದು ಯೋಚನೆ ಶುರು. ಮುಜೀಬಣ್ಣನ ಪರಿಚಯವಾದ ಕಾಲದಲ್ಲಿ ನಾನು ಹಸುಗಳಿಗೆ ಹಾಕುವ ಖನಿಜ ಪುಡಿಯನ್ನು ಹಾಲಿನ ಡೇರಿಗಳಿಗೆ ಮಾರುತ್ತಿದ್ದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಹೀಗೆ ನಾಲ್ಕು ತಾಲ್ಲೂಕು ನನ್ನವು. ಬೆಳಗ್ಗೆ ಕ್ಯಾತನಹಳ್ಳಿಯಲ್ಲಿದ್ದರೆ ಮಧ್ಯಾಹ್ನ ದೇವಲಾಪುರದಲ್ಲಿ. ಒಂದು ಹಳೆಯ ಕಾರು, ಒಂದು ಫೋನು. ಫೋನಿಗೆ ಕಾರಿನಲ್ಲಿ ನೆಲೆಯಿರಲಿಲ್ಲ. ತೊಡೆಯ ಮೇಲಿಟ್ಟರೆ ಬ್ರೇಕು ಹಾಕಿದಾಗ ಪೆಡಲಿನ ಅಡಿಗೆ ಹೋಗುತ್ತಿತ್ತು. ಅಂಗಿಯ ಜೇಬಿನಲ್ಲಿಟ್ಟರೆ ತೆಗೆಯುವಷ್ಟರಲ್ಲಿ ಡೇರಿ ಸೆಕ್ರೆಟರಿ ಬೇಸತ್ತು ಕಟ್ ಮಾಡಿರುತ್ತಿದ್ದರು. ಇದಕ್ಕೊಂದು ದಾರಿ ಕಂಡುಹಿಡಿಯಲೇಬೇಕೆಂದು ಹಠ ಹುಟ್ಟಿತು.

ಆ ಹಠವೇ ನನ್ನನ್ನು ಮುಜೀಬಣ್ಣನ ಅಂಗಡಿಗೆ ಕರೆದುಕೊಂಡು ಹೋಯಿತು. ಪಾಂಡವಪುರದಲ್ಲಿ ಅವನದು ಸೀಟ್ ಕವರಿನ ಅಂಗಡಿ. ಒಂದು ಹೊಲಿಗೆ ಮಿಷನ್ನು, ಸುರುಳಿ ಸುರುಳಿ ರೆಗ್ಜಿನ್ನು, ಸ್ಪಂಜಿನ ಹಾಳೆಗಳು, ಮತ್ತು ಡಬ್ಬಗಟ್ಟಲೆ ಸಲ್ಯೂಷನ್ನು. ಪಂಕ್ಚರ್ ಅಂಗಡಿಯ ಮುಂದೆ ಹೋಗುವಾಗ ಮೂಗಿಗೆ ಹೊಡೆಯುತ್ತದಲ್ಲ, ಅದೇ ಅಂಟು. ಸ್ಪಂಜಿಗೆ ರೆಗ್ಜಿನ್ನು ಹಿಡಿಸಲು ಅವನು ಅದನ್ನು ಬೆರಳಿನಲ್ಲೇ ಸವರುತ್ತಿದ್ದ. ಬ್ರಷ್ಷಿಗೆ ಅಂದಾಜು ಸಿಗುವುದಿಲ್ಲ ಎನ್ನುತ್ತಿದ್ದ. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಮೆದು ಮಾತಿನವನು. ನನ್ನ ತಲೆಯಲ್ಲಿ ಹುಟ್ಟುತ್ತಿದ್ದ ಹುಚ್ಚುಗಳಿಗೆಲ್ಲ ಅವನು ಕತ್ತರಿ, ಸೂಜಿ ಹಿಡಿದು ಆಕಾರ ಕೊಡುತ್ತಿದ್ದ.

ನಮ್ಮ ಮೊದಲ ಸ್ಟ್ಯಾಂಡಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಎರಡು, ಸೈಕಲ್ ಟ್ಯೂಬಿನ ತುಂಡು ಒಂದು, ಮೇಲೆ ಕೆಂಪು ರೆಗ್ಜಿನ್ನಿನ ಹೊದಿಕೆ. ನೋಡಲು ಲಕ್ಷಣವಾಗಿತ್ತು. ಕಬ್ಬಿನ ಟ್ರಾಕ್ಟರುಗಳು ಉತ್ತು ಹಾಕಿದ್ದ ಕ್ಯಾತನಹಳ್ಳಿ ರಸ್ತೆಯಲ್ಲಿ ಪರೀಕ್ಷೆಗೆ ಹೊರಟೆವು. ಮೊದಲ ಹಳ್ಳಕ್ಕೇ ಫೋನು ಹಾರಿ ಮುಜೀಬಣ್ಣನ ಮಡಿಲಿಗೆ ಬಿತ್ತು, ಎರಡನೆಯದಕ್ಕೆ ಸ್ಟ್ಯಾಂಡೂ ಹಿಂದೆಯೇ ಬಂತು. ಇನ್ನಷ್ಟು ತಿದ್ದಿದೆವು. ಒಂದು ಬಿಸಿಲಿಗೆ ಕರಗಿತು, ಒಂದು ಗಾಜಿಗೆ ಅಂಟಿಕೊಂಡು ಬಿಡಿಸಲು ಹೋದರೆ ಗಾಜೇ ಬಿರುಕು ಬಿಟ್ಟಿತು. ಕೊನೆಗೆ ಏಳನೆಯದು ಗಟ್ಟಿ ನಿಂತಿತು. ಲೋಕವನ್ನೇ ಗೆದ್ದ ಹುಮ್ಮಸ್ಸಿನಲ್ಲಿ ಮೈಸೂರಿಗೆ ಹೋದರೆ, ಅಲ್ಲಿ ಫುಟ್‌ಪಾತಿನ ಮೇಲೆ ಅಂಥವೇ ಸ್ಟ್ಯಾಂಡುಗಳನ್ನು ರಾಶಿ ಹಾಕಿಕೊಂಡು ಕೂತಿದ್ದರು. ನನ್ನ ಹೊಟ್ಟೆ ಉರಿದುಹೋಯಿತು. ಮುಜೀಬಣ್ಣ ಮಾತ್ರ ಒಂದನ್ನು ಎತ್ತಿಕೊಂಡು ತಿರುಗಿಸಿ ನೋಡಿ, ಹೊಲಿಗೆ ಚೆನ್ನಾಗಿಲ್ಲ ಎಂದ.

ಆ ದಿನ ವಾಪಸು ಬರುವಾಗ ಅವನು ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕಿದ. ಅವನ ಒಬ್ಬಳೇ ಮಗಳು ಆಸ್ಮಾಳನ್ನು ನಾಗಮಂಗಲಕ್ಕೆ ಕೊಟ್ಟಿದ್ದ. ಅವಳಿಗೀಗ ಐದು ತಿಂಗಳು. ಏಳರಲ್ಲಿ ಬಾಣಂತನಕ್ಕೆ ಕರೆತರಬೇಕು, ಕರೆತರಲು ತಾಯಿಯೇ ಹೋಗಬೇಕು, ದಾರಿಯುದ್ದಕ್ಕೂ ಬಸುರಿಯ ಪಕ್ಕದಲ್ಲಿ ತಾಯಿ ಕೂತಿರಬೇಕು. ಆದರೆ ಅವನ ಹೆಂಡತಿ ಜೈಬುನಕ್ಕನಿಗೆ ಕಾರು ಹತ್ತಿದರೆ ಹತ್ತು ನಿಮಿಷದಲ್ಲಿ ವಾಂತಿ. ಮಗಳ ಮದುವೆಯ ದಿನವೂ ಬೀಗರ ಬಾಗಿಲಲ್ಲಿ ಕಾರಿನಿಂದಿಳಿದವಳು ಮೊದಲು ಮಾಡಿದ ಕೆಲಸ ಅದೇ. ಊರಿನವರ ಕಾರುಗಳನ್ನೆಲ್ಲ ಸಿಂಗರಿಸುವವನ ಹೆಂಡತಿ ಅಲ್ಲಿಂದೀಚೆಗೆ ಮಗಳ ಮನೆಗೆ ಬಸ್ಸಿನಲ್ಲೇ ಹೋಗಿ ಬರುತ್ತಿದ್ದಳು. ‘ಸ್ಟ್ಯಾಂಡ್ ಅತ್ಲಾಗಿರ್ಲಿ ಗೌಡ್ರೆ, ವಾಂತಿ ಬರ್ದಂಗೆ ಒಂದ್ ಪರ್ಫ್ಯೂಮು ಮಾಡಕ್ಕಾಗಾಕಿಲ್ವಾ’ ಎಂದು ಮುಜೀಬಣ್ಣ ಕೇಳಿದ. ಕೇಳಿದ್ದು ಯಾರನ್ನು? ನನಗೆ ಅವತ್ತಿನ ಊಟ ರುಚಿಸಲಿಲ್ಲ, ತಲೆಯೊಳಗೆ ಹುಳ ಹೊಕ್ಕಿತ್ತು.

ಲಾಮಂಚದ ಬೇರು ಕುಟ್ಟಿದೆವು. ಅದಕ್ಕೆ ಗಂಧದ ಪುಡಿ ಬೆರೆಸಿ, ಅವನು ತಂದ ಅತ್ತರು ನಾಲ್ಕು ಹನಿ ಹಾಕಿದೆವು. ಬಿಲ್ಲೆ ಮಾಡಲು ಅಂಟು ಬೇಕಲ್ಲ? ಬೇರೆ ಊರಿನವರಾಗಿದ್ದರೆ ಗೋಂದು ಹಾಕುತ್ತಿದ್ದರೇನೋ. ಆಲೆಮನೆಯ ಹೊಗೆಯಲ್ಲೇ ಬೆಳೆದ ನನಗೆ ಅಂಟು ಎಂದರೆ ಬೆಲ್ಲದ ಪಾಕವೇ. ಗಟ್ಟಿ ಪಾಕ ತೆಗೆದು, ಕಲಸಿ, ಅಚ್ಚಿಗೆ ಹಾಕಿ, ಸಣ್ಣ ಜಾಲರಿ ಚೀಲದಲ್ಲಿ ಹೊಲಿದೆವು. ಪರಿಮಳ ನಿಜಕ್ಕೂ ಹಿತವಾಗಿತ್ತು. ಮೊದಲ ಬಿಲ್ಲೆಯನ್ನು ನನ್ನ ನೆಂಟರ ಪೈಕಿಯ ಒಬ್ಬ ಮದುವೆ ಗಂಡಿನ ಕಾರಿಗೆ ಉಡುಗೊರೆಯಾಗಿ ಕಟ್ಟಿದೆ. ಕಾರು ಒಂದು ಹಗಲು ಹುಣಸೆಮರದ ಕೆಳಗೆ ನಿಂತಿತ್ತು. ಮಾರನೆಯ ದಿನ ರೇಷ್ಮೆ ಪಂಚೆ ಉಟ್ಟು ಅದರಲ್ಲಿ ಬಂದಿಳಿದ ಗಂಡು ಧಾರೆಯ ಮಣೆಯ ಮೇಲೆ ನನಗಿಂತಲೂ ಹೆಚ್ಚು ಚಡಪಡಿಸುತ್ತಿದ್ದ. ಬೆಲ್ಲಕ್ಕೆ ಮುತ್ತಿದ್ದ ಕೆಂಜಿಗ ಪಂಚೆಯೊಳಗೆ ಎಲ್ಲಿಯವರೆಗೆ ಹೋಗಿತ್ತೆಂದು ನಾನು ಬರೆಯುವುದಿಲ್ಲ. ಆ ಮನೆಯವರು ಇವತ್ತಿಗೂ ನನಗೆ ಎಲೆ ಹಾಕುವಾಗ ಕೊನೆಯ ಪಂಕ್ತಿಯಲ್ಲಿ ಹಾಕುತ್ತಾರೆ.

ಆಮೇಲೆ ಬೆಲ್ಲ ಬಿಟ್ಟೆವು. ಏಲಕ್ಕಿ, ಶುಂಠಿ, ಮರುಗ, ಕಿತ್ತಳೆ ಸಿಪ್ಪೆ, ಒಂದೊಂದು ವಾರಕ್ಕೆ ಒಂದೊಂದು. ಕವರು ಹಾಕಿಸಲು ಅಂಗಡಿಗೆ ಬಂದ ಯಾವುದಾದರೂ ಕಾರಿನಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಮುಜೀಬಣ್ಣ ಕೆಲಸ ಬಿಟ್ಟು ಎದ್ದವನೇ ಹೆಂಡತಿಯನ್ನು ಕೂರಿಸಿಕೊಂಡು ಪರೀಕ್ಷೆಗೆ ಹೋಗುತ್ತಿದ್ದ. ಚಿನಕುರಳಿ ದಾಟಿದ್ದೇ ಇಲ್ಲ. ಪ್ರತಿ ಸಲವೂ ಜೈಬುನಕ್ಕ ರಸ್ತೆ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಆಮೇಲೆ ಸೆರಗಿನಲ್ಲಿ ಬಾಯೊರೆಸಿಕೊಂಡು ನಡೆದೇ ವಾಪಸು ಬರುತ್ತಿದ್ದಳು. ಬಸ್ಸಿನಲ್ಲಿ ಆಗದ್ದು ಕಾರಿನಲ್ಲಿ ಯಾಕೆ ಆಗುತ್ತದೆ? ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಬಸ್ಸು ಎತ್ತರ, ಎತ್ತರದಲ್ಲಿ ಕೂತವರಿಗೆ ತಲೆ ತಿರುಗುವುದಿಲ್ಲ ಎಂದೆ. ಮುಜೀಬಣ್ಣ ನನ್ನ ಮಾತು ನಂಬಿ ಒಂದು ಮೊಳ ದಪ್ಪದ ದಿಂಬು ಹೊಲಿದ. ಜೈಬುನಕ್ಕನ ತಲೆ ಕಾರಿನ ಚಾವಣಿಗೆ ಬಡಿಯಿತು, ವಾಂತಿ ನಿಲ್ಲಲಿಲ್ಲ. ಹೀಗೆ ಎರಡು ತಿಂಗಳು ಕಳೆದು ಕರೆತರುವ ದಿನಕ್ಕೆ ಒಂದೇ ವಾರ ಉಳಿಯಿತು.

ಪುದೀನದ ಚೀಲ ಹಿಡಿದು ನಾನು ಅವರ ಮನೆಗೆ ಹೋದದ್ದು ಆಗಲೇ. ಮುಜೀಬಣ್ಣ ಅಂಗಡಿಯಲ್ಲಿದ್ದ. ಜೈಬುನಕ್ಕ ಹೊಸ್ತಿಲ ಒಳಗೆ ನಿಂತು ಚೀಲ ಇಸಿದುಕೊಂಡಳು. ಮೂಸಲಿಲ್ಲ.

‘ಅಣ್ಣಾ, ಇನ್ನೂ ವಾಸ್ನೆ ತರ್ಬ್ಯಾಡಿ. ಇರೋದ್ನ ತಗೀರಿ’ ಎಂದಳು.

ಇರುವುದು ಯಾವುದು ಎಂದು ಕೇಳಿದೆ. ಅವಳು ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು. ‘ಸಲ್ಯೂಷನ್ ವಾಸ್ನೆ ಕಣಣ್ಣಾ. ಅವ್ರ್ ಕೈದು. ಮನೇಲಿ ಬಾಗ್ಲು ಕಿಟ್ಕಿ ಅವೆ, ಎಂಗೋ ಆಯ್ತದೆ. ಕಾರಲ್ಲಿ ಪಕ್ದಲ್ಲೇ ಅವ್ರು, ಎಲ್ಲಿಗ್ ಓಗ್ಲಿ? ಆ ಕೈಯೇ ನಮ್ಗೆ ಅನ್ನ ಆಕಿರೋದು. ಎಂಗಣ್ಣಾ ಏಳ್ಲಿ ಅವ್ರಿಗೆ.’ ಅಲ್ಲಾನ ಮೇಲೆ ಆಣೆ ಇಡಿಸಿಕೊಂಡಂತೆ, ನೀವೂ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಳು.

ಬಾಯಿಯಲ್ಲಿ ಮಾತು ನಿಲ್ಲದವನಿಗೆ ಅಂಥ ಮಾತು ಇಟ್ಟುಕೊಳ್ಳುವುದು ಎಷ್ಟು ಕಷ್ಟ, ನೀವೇ ಹೇಳಿ. ಮುಂದಿನ ಎರಡು ದಿನ ನಾನು ಡೇರಿಗಳ ಮುಂದೆ ಕಾರು ನಿಲ್ಲಿಸಿ ಒಳಗೆ ಹೋಗುವುದನ್ನೇ ಮರೆತು ಮುಂದಕ್ಕೆ ಹೋದೆ. ನಾಚಿಕೆಯೂ ಆಗುತ್ತಿತ್ತು. ಎರಡು ತಿಂಗಳು ಬೇರು ಕುಟ್ಟಿದ ನಾನು, ವಾಂತಿ ಮಾಡಿಕೊಳ್ಳುತ್ತಿದ್ದವಳನ್ನು ಒಂದು ಸಲವಾದರೂ ಏನಾಗುತ್ತಿದೆ ಎಂದು ಕೇಳಿರಲಿಲ್ಲ. ಕಂಡುಹಿಡಿಯುವ ಸಡಗರದಲ್ಲಿ ಕೇಳುವುದು ಹೊಳೆದೇ ಇರಲಿಲ್ಲ.

ಆಸ್ಮಾಳನ್ನು ಕರೆತರಲು ನನ್ನ ಕಾರೇ ಹೋಗುವುದೆಂದು ಗೊತ್ತಾಗಿತ್ತು. ಕೊನೆಗೆ ಒಂದು ಸುಳ್ಳು ಕಟ್ಟಿದೆ. ನನಗೆ ಗೊತ್ತಿರುವ ಡಾಕ್ಟರೊಬ್ಬರು ಹೇಳಿದರು, ಬಸುರಿಗೆ ಕವರು ಹಾಕಿದ ಸೀಟು ಉಷ್ಣವಂತೆ, ಬಿಚ್ಚಿಬಿಡೋಣ ಎಂದೆ. ಮುಜೀಬಣ್ಣ ನನ್ನ ಮುಖವನ್ನೊಮ್ಮೆ ನೋಡಿದ. ಏನೂ ಕೇಳದೆ ತಾನೇ ಹೊಲಿದ ಕವರುಗಳನ್ನು ನನ್ನ ಕಾರಿನಿಂದ ಬಿಚ್ಚಿದ. ನಾಲ್ಕು ಬಾಗಿಲೂ ತೆರೆದು ಮೂರು ದಿನ ಬಿಸಿಲಿಗಿಟ್ಟೆವು. ಬರುವಾಗ ಆಸ್ಮಾ ಕಾಲು ಚಾಚಬೇಕು, ಸಾಮಾನೂ ಇರುತ್ತದೆ, ಕಾರು ನಾನೇ ಓಡಿಸುತ್ತೇನೆ, ನೀನು ಸ್ಕೂಟರಿನಲ್ಲಿ ಬಾ ಎಂದು ಇನ್ನೊಂದು ಸುಳ್ಳು ಪೋಣಿಸಿದೆ. ಅದಕ್ಕೂ ತಲೆಯಾಡಿಸಿದ.

ಹೋಗುವಾಗ ಜೈಬುನಕ್ಕ ಕಿಟಕಿಯ ಪಕ್ಕ ಬಿಗಿಯಾಗಿ ಕೂತಿದ್ದಳು. ಚಿನಕುರಳಿಯ ದಾರಿ ಬಿಟ್ಟು ನಾಗಮಂಗಲದ ದಾರಿ ಹಿಡಿದೆವು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಜಕ್ಕನಹಳ್ಳಿ ದಾಟಿದ ಮೇಲೆ ಅವಳು ಮೊದಲ ಬಾರಿಗೆ ಹೊರಗೆ ನೋಡಿ, ಮಳೆ ಚೆನ್ನಾಗಿ ಆಗಿದೆ ಎಂದಳು. ಕನ್ನಡಿಯಲ್ಲಿ ಮುಜೀಬಣ್ಣನ ಸ್ಕೂಟರು ಒಮ್ಮೆ ಚಿಕ್ಕದಾಗಿ, ಒಮ್ಮೆ ದೊಡ್ಡದಾಗಿ ಕಾಣುತ್ತಿತ್ತು. ಬರುವಾಗ ಆಸ್ಮಾ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ತಾಯಿ ಅವಳ ಹಣೆಯ ಕೂದಲು ಸರಿಸುತ್ತ, ಅತ್ತೆಮನೆಯ ಅಡುಗೆ, ನೀರು, ನಾದಿನಿ ಎಲ್ಲವನ್ನೂ ಕೇಳುತ್ತಿದ್ದಳು. ನನಗೆ ಸಂತೋಷವಾಯಿತು, ಅದರ ಹಿಂದೆಯೇ ಕಣ್ಣು ಕನ್ನಡಿಯಲ್ಲಿನ ಸ್ಕೂಟರಿನತ್ತ ಹೋಯಿತು.

ಜಕ್ಕನಹಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಮುಜೀಬಣ್ಣ ಸ್ಕೂಟರನ್ನು ರಸ್ತೆಯ ಆ ಬದಿಯಲ್ಲೇ ನಿಲ್ಲಿಸಿ ಅಂಗಡಿಗೆ ಬಂದ. ನಾಲ್ಕು ಲೋಟ ಹೇಳಿ, ಹೆಂಡತಿ ಮಗಳದ್ದನ್ನೂ ನನ್ನದನ್ನೂ ನನ್ನ ಕೈಗೆ ಕೊಟ್ಟು, ತನ್ನದನ್ನು ಹಿಡಿದು ಮತ್ತೆ ಆ ಬದಿಗೆ ಹೊರಟ. ಮಗಳನ್ನು ಮಾತಾಡಿಸು ಬಾ ಎಂದು ಕರೆದೆ.

‘ಬ್ಯಾಡ ಬುಡಿ ಗೌಡ್ರೆ’ ಎಂದ ಅವನು. ‘ಗಾಳಿ ಕಾರ್ ಕಡಿಕ್ ಬೀಸ್ತಾ ಅದೆ.’

 ನಿನಗೆ ಯಾರು ಹೇಳಿದರು ಎಂದು ಕೇಳಿದೆ. ‘ಯಾರೂ ಏಳ್ಲಿಲ್ಲ. ನೀವು ಕವರ್ ಬಿಚ್ಚು ಅಂದಾಗ್ಲೇ ತಿಳೀತು. ಇಪ್ಪತ್ತೈದ್ ವರ್ಷ ಗೌಡ್ರೆ. ಒಂದ್ ದಿನ್ವೂ ಮೂಗ್ ಮುಚ್ಲಿಲ್ಲ ಅವ್ಳು.’ ಹೇಳಿ, ಕೈಗಳನ್ನು ಜುಬ್ಬದ ಜೇಬಿಗೆ ಇಳಿಸಿ ರಸ್ತೆ ದಾಟಿದ.

ಗಂಡ ಹೆಂಡತಿ ಆ ವಿಷಯ ಎತ್ತಿಕೊಂಡು ಮಾತಾಡಿದರೋ ಇಲ್ಲವೋ ನನಗೆ ತಿಳಿಯದು. ಆಸ್ಮಾಗೆ ಹೆಣ್ಣುಮಗು ಹುಟ್ಟಿದ ತಿಂಗಳಲ್ಲಿ ಮುಜೀಬಣ್ಣನ ಅಂಗಡಿಯಿಂದ ಸಲ್ಯೂಷನ್ ಡಬ್ಬಗಳು ಹೊರಬಿದ್ದವು. ಸ್ಪಂಜನ್ನೂ ರೆಗ್ಜಿನ್ನನ್ನೂ ಸೇರಿಸಿ ದಪ್ಪ ದಾರದಲ್ಲಿ ಹೊಲಿದು, ಸೀಟಿನ ಅಡಿಯಲ್ಲಿ ಕೊಕ್ಕೆ, ಪಟ್ಟಿಗಳಿಂದ ಬಿಗಿಯುವ ಒಂದು ಉಪಾಯ ಮಾಡಿಕೊಂಡ. ಒಂದು ದಿನದ ಕೆಲಸಕ್ಕೆ ಮೂರು ದಿನ ಹಿಡಿಯುತ್ತಿತ್ತು. ಕೆಲವು ಗಿರಾಕಿಗಳು ಬಿಟ್ಟುಹೋದರು. ಹೊಸ ಕಾರಿನ ಘಾಟಿಗೆ ತಲೆನೋವು ಬರುವವರು ಕೆ.ಆರ್.ಪೇಟೆಯಿಂದಲೂ ಹುಡುಕಿಕೊಂಡು ಬಂದರು. ಇದು ನಿಜವಾದ ಶೋಧ, ನಿನ್ನ ಹೆಸರಿನಲ್ಲಿ ನೋಂದಾಯಿಸೋಣ ಎಂದು ನಾನು ಕುಣಿದಾಡಿದೆ. ಅವನು ಸೂಜಿಗೆ ದಾರ ಪೋಣಿಸುತ್ತ ನಕ್ಕುಬಿಟ್ಟ. ಈಗಲೂ ಅಂಗಡಿಯಿದೆ. ಜೈಬುನಕ್ಕ ಮೊಮ್ಮಗಳನ್ನು ನೋಡಲು ತಿಂಗಳಿಗೊಮ್ಮೆ ಕಾರಿನಲ್ಲಿ ಹೋಗುತ್ತಾಳೆ, ಮುಜೀಬಣ್ಣನೇ ಓಡಿಸುತ್ತಾನೆ.

ಭಾನುವಾರ ಗೃಹಪ್ರವೇಶದ ಊಟ ಮುಗಿಸಿ ಹೊರಟಾಗ ಬಿಸಿಲು ಇಳಿಯುತ್ತಿತ್ತು. ಕೆ.ಆರ್.ಪೇಟೆ ಬಿಟ್ಟು ಎರಡು ಮೈಲಿಯಾಗಿರಬೇಕು. ಈ ಕಥೆಯನ್ನು ನಾನು ಎಷ್ಟೋ ಜನರಿಗೆ, ಹೆಸರು ಮರೆಸಿ, ಹೇಳಿದ್ದೇನೆ. ಕೇಳಿದವರೆಲ್ಲ ತಲೆದೂಗಿದ್ದಾರೆ. ಆದರೆ ಪಕ್ಕದಲ್ಲಿ ಕೂತವಳನ್ನು ಒಂದು ಮಾತು ಕೇಳಬೇಕೆಂದು ನನಗೆ ಇಷ್ಟು ವರ್ಷ ತೋಚಿರಲಿಲ್ಲ. ಈ ಕಾರಿನಲ್ಲಿ ನಿನಗೆ ಏನಾದರೂ ತೊಂದರೆ ಇದೆಯಾ ಎಂದು ಕೇಳಿದೆ.

ಅವಳು ನನ್ನತ್ತ ತಿರುಗಿ, ಜ್ವರ ಬಂದಿದೆಯೇನೋ ಎಂಬಂತೆ ನೋಡಿದಳು. ಏನೂ ಇಲ್ಲವೆಂದಳು. ಒಂದು ಊರು ದಾಟಿತು. ಆಮೇಲೆ, ರಸ್ತೆಯನ್ನೇ ನೋಡುತ್ತ ಹೇಳಿದಳು.

‘ಬೇಜಾರ್ ಮಾಡ್ಕಬ್ಯಾಡಿ. ನಿಮ್ ಬೆಳ್ಳು. ಸ್ಟೇರಿಂಗ್ ಮ್ಯಾಲೆ ಟಕ ಟಕ ಅಂತ ಬಡೀತಾನೇ ಇರ್ತೀರ. ಸ್ಕೂಟರ್ ಇದ್ದಾಗ್ಲೂ ಅಂಗೇ. ಅದ್ನ ಕೇಳ್ತಿದ್ರೆ ನಾಳೀಕೆ ಇನ್ನೇನ್ ಬುಟ್ಟು ಇನ್ನೇನ್ ಇಡೀತಾರೋ ಅಂತ ನಂಗೆ ಎದೆ ಒಡ್ಕತದೆ.’

ನನ್ನ ಬೆರಳು ಆಗಲೂ ಬಡಿಯುತ್ತಿತ್ತು. ನಿಲ್ಲಿಸಿದೆ. ಬಲಗೈ ನಿಂತರೆ ಎಡಗೈ ಶುರುಮಾಡಿತು, ಅದನ್ನೂ ನಿಲ್ಲಿಸಿದೆ.  ಎರಡು ಕೈಗಳನ್ನೂ ಸ್ಟೇರಿಂಗಿಗೆ ಬಿಗಿಹಿಡಿದು ಓಡಿಸುವುದು ನಾನು ಮಾಡಿದ ಯಾವ ಕೆಲಸಕ್ಕಿಂತಲೂ ಕಷ್ಟವಾಗಿತ್ತು, ಬೆನ್ನು ಬೆವೆತುಹೋಯಿತು. ಚಿನಕುರಳಿ ಬರುವಷ್ಟರಲ್ಲಿ ಪಕ್ಕದಿಂದ ಸಣ್ಣಗೆ ಉಸಿರಿನ ಸದ್ದು ಕೇಳಿಸಿತು. ನೋಡಿದೆ. ಅವಳ ತಲೆ ಕಿಟಕಿಯ ಕಡೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಮದುವೆಯಾಗಿ ಮೂವತ್ತು ವರ್ಷಕ್ಕೆ, ನಾನು ಓಡಿಸುವ ಗಾಡಿಯಲ್ಲಿ ಅವಳು ನಿದ್ದೆ ಹೋಗಿದ್ದು ಅದೇ ಮೊದಲು.