ನೀಲಕ್ಕನ ಹತ್ತು ನಿಮಿಷ

ಸಮುದ್ರ ದಾಟಿ ಆ ಊರಿನ ಮಿಷನ್ ಆಸ್ಪತ್ರೆಗೆ ಬಂದಿಳಿದಾಗ ಅವಳ ಕೈಯಲ್ಲಿದ್ದದ್ದು ಎರಡು ಟ್ರಂಕು, ಒಂದು ಬೈಬಲ್ಲು, ಮತ್ತು ಇಡೀ ಊರಿಗೆ ಹಂಚಿದರೂ ಮಿಗುವಷ್ಟು ಹುರುಪು. ವಯಸ್ಸು ಇಪ್ಪತ್ತೇಳು, ಕೆಲಸ ನರ್ಸು, ಕಳಿಸಿದ್ದು ತವರಿನ ಚರ್ಚು. ಹಡಗು ಹತ್ತುವ ದಿನ ಸಭೆಯವರೆಲ್ಲ ದಕ್ಕೆಗೆ ಬಂದು ಹಾಡಿದ್ದರು. ಅಮ್ಮ ಮಾತ್ರ ಹಾಡಿರಲಿಲ್ಲ. ಮಗಳ ಕೋಟಿನ ಗುಂಡಿ ಸಡಿಲವಾಗಿದೆಯೆಂದು ಆ ನೂಕುನುಗ್ಗಲಿನಲ್ಲೇ ನಿಂತು ಅದನ್ನು ಬಿಗಿ ಮಾಡಿ ಹೊಲಿದುಕೊಟ್ಟಿದ್ದಳು.

ಅಲ್ಲಿನ ಮಾತಿನಲ್ಲಿ ಅವಳು ಮೊದಲು ಕಲಿತ ಪದ ಸೂಜಿ. ವಾರ್ಡಿಗೆ ಕಾಲಿಟ್ಟವಳೇ "ಸೂಜಿ, ಸೂಜಿ" ಎನ್ನುತ್ತಾ ಬರುತ್ತಿದ್ದಳು. ಮಕ್ಕಳು ಮಂಚದ ಕೆಳಗೆ ನುಸುಳುತ್ತಿದ್ದವು, ದೊಡ್ಡವರು ನಕ್ಕು ನಕ್ಕು ಹೊಲಿಗೆ ಬಿಚ್ಚಿಕೊಳ್ಳುತ್ತಿದ್ದರು. ಹಾಗೆ ಅವಳು ಸೂಜಿಯಮ್ಮ ಆದಳು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪುಸ್ತಕದಲ್ಲಿ ಉಳಿಯಿತು.

ಸಂತೋಷ ಇರಲಿಲ್ಲವೆಂದರೆ ಸುಳ್ಳಾದೀತು. ಕಾಲು ಮುಂದಾಗಿ ಹುಟ್ಟಿ ಉಸಿರಾಡಲು ಮರೆತಿದ್ದ ಕೂಸು ಎರಡು ವರ್ಷದ ಮೇಲೆ ಅಂಗಳದಲ್ಲಿ ಓಡಿ ಬಂದು ಸೀರೆ ಹಿಡಿದು ಜಗ್ಗಿದರೆ, ಅಂಥ ಸಂತೋಷ ಎಲ್ಲಿ ಸಿಗುತ್ತದೆ? ಆದರೆ ತವರಿನ ಚರ್ಚಿಗೆ ಪ್ರತಿ ತಿಂಗಳೂ ಕಾಗದ ಬರೆಯಬೇಕಿತ್ತಲ್ಲ, ಅದರಲ್ಲಿ ಅವರು ಹುಡುಕುತ್ತಿದ್ದದ್ದು ಕೂಸುಗಳನ್ನಲ್ಲ, ಆತ್ಮಗಳನ್ನು. ಭಾನುವಾರದ ಪ್ರಾರ್ಥನೆಗೆ ಸೇರುತ್ತಿದ್ದವರು ಆಸ್ಪತ್ರೆಯ ಐದು ನೌಕರರು, ಎದ್ದು ಹೋಗಲು ಆಗದ ಇಬ್ಬರು ರೋಗಿಗಳು, ಮತ್ತು ಒಳಗೆ ತಂಪಾಗಿದೆ ಎಂಬ ಕಾರಣಕ್ಕೆ ಕೊನೆಯ ಬೆಂಚಿನಲ್ಲಿ ಕಾಲು ಚಾಚಿ ಕೂರುತ್ತಿದ್ದ ನೀಲಕ್ಕ. ಇದನ್ನು ಎಷ್ಟು ಎಳೆದರೂ ಒಂದು ಪುಟದ ಕಾಗದವಾಗುತ್ತಿರಲಿಲ್ಲ.

ನೀಲಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವಾಕೆ. ಬಿಳಿ ಬಟ್ಟೆಗೆ ಹಾಕುವ ನೀಲಿ ಅವಳ ಉಗುರಿನ ಸಂದಿಗೆ ಇಳಿದು ಹೋಗಿ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಅವಳ ಗಂಡ ಗೇಟು ಕಾಯುವವ, ಎಲ್ಲರಿಗೂ ಗೇಟಿನಯ್ಯ. ಸೂಜಿಯಮ್ಮನಿಗಿಂತ ಹತ್ತು ವರ್ಷ ದೊಡ್ಡವಳಾದ ನೀಲಕ್ಕ ಮೊದಲ ದಿನದಿಂದಲೇ ಅವಳನ್ನು "ತಂಗಿ" ಎಂದಳು, ನೀನು ತಾನು ಎಂದಳು. "ಏನೇ ತಂಗಿ, ಊಟ ಮಾಡ್ದೆ ಎಲ್ಲರಿಗೂ ಚುಚ್ಕೊಂಡು ತಿರುಗ್ತೀಯಲ್ಲ, ಬಾ ಇಲ್ಲಿ" ಎಂದು ಬೈದು ಕೂರಿಸುತ್ತಿದ್ದಳು. ಮಧ್ಯಾಹ್ನ ಮೂರಕ್ಕೆ ಬಟ್ಟೆ ಕುದಿಸುವ ಶೆಡ್ಡಿನಲ್ಲಿ, ಹಂಡೆಯ ಪಕ್ಕ, ಇಬ್ಬರೂ ಟೀ ಕುಡಿಯುವುದು ರೂಢಿಯಾಯಿತು. ಊರು ಬಿಟ್ಟು ಬಂದವಳಿಗೆ ಆ ಹೊಗೆ ತುಂಬಿದ ಶೆಡ್ಡೇ ಮನೆಯಾಗಿತ್ತು.

ಐದನೆಯ ವರ್ಷ, ಒಂದು ಸೋಮವಾರ, ಅಣ್ಣನ ಟೆಲಿಗ್ರಾಂ ಬಂತು. ಅಮ್ಮನಿಗೆ ತೀರಾ ಹುಷಾರಿಲ್ಲ, ಕೂಡಲೇ ಬಾ. ಮುಂದಿನ ಭಾನುವಾರ ಹೊಸ ಹೆರಿಗೆ ವಾರ್ಡಿನ ಉದ್ಘಾಟನೆ. ಆ ವಾರ್ಡಿಗಾಗಿ ಅವಳು ಮೂರು ವರ್ಷ ಕಂಡಕಂಡವರಿಗೆ ಕಾಗದ ಬರೆದಿದ್ದಳು. ಅಂದು ಸಂಜೆಯೇ ಹೊರಡುವ ಹಡಗೂ ಇತ್ತು, ಎರಡು ದಿನದ ಪ್ರಯಾಣ. ಅಮ್ಮನಿಗೆ ಹುಷಾರಿಲ್ಲದ್ದು ಇದೇ ಮೊದಲಲ್ಲ, ಉದ್ಘಾಟನೆ ಮುಗಿಸಿ ಹೋದರಾಯಿತು ಎಂದು ಟೆಲಿಗ್ರಾಂ ಮಡಚಿ ಏಪ್ರನ್ನಿನ ಜೇಬಿಗಿಟ್ಟುಕೊಂಡಳು. ಗುರುವಾರ ಎರಡನೆಯದು ಬಂತು. ಅದರಲ್ಲಿ ಬಾ ಎಂದು ಇರಲಿಲ್ಲ.

ಶೆಡ್ಡಿಗೆ ಹೋಗಿ ಒದ್ದೆ ಬಟ್ಟೆಯ ರಾಶಿಯ ಮೇಲೆ ಕುಸಿದು, ಅತ್ತು, ನೀಲಕ್ಕನಿಗೆ ಎಲ್ಲ ಹೇಳಿದಳು. ಅಣ್ಣನಿಗೆ ಮಾತ್ರ, ಎರಡು ಟೆಲಿಗ್ರಾಮೂ ಒಟ್ಟಿಗೇ ಕೈಸೇರಿದವು ಎಂದು ಬರೆದುಬಿಟ್ಟೆ ಎಂದೂ ಹೇಳಿದಳು. ಅದನ್ನು ಬರೆದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ.

ನೀಲಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಸಮಾಧಾನದ ಮಾತು ಆಡಲಿಲ್ಲ. "ನಂದೊಂದು ಮಗು ಇತ್ತು ತಂಗಿ" ಎಂದಳು. "ಒಂಬತ್ತು ತಿಂಗಳದ್ದು. ಜ್ವರ ಇತ್ತು, ಪಕ್ಕದ ಮನೆಯವಳ ಹತ್ರ ಬಿಟ್ಟು ಕೆಲಸಕ್ಕೆ ಬಂದಿದ್ದೆ. ಅವಳು ಇದೇ ಬಾಗಿಲಿಗೆ ಬಂದು ಕೂಗಿದ್ಲು, ಮಗು ಯಾಕೋ ಸೆಟೆದುಕೊಳ್ತಿದೆ, ಬಾ ಅಂತ. ಹಂಡೆ ಕುದೀತಿತ್ತು. ಹತ್ತು ನಿಮಿಷ ತಡಿ, ಬಂದೆ ಅಂದೆ."

ಅವಳು ಮನೆ ಮುಟ್ಟುವಷ್ಟರಲ್ಲಿ ಮಗು ಹೋಗಿತ್ತು. ಪಕ್ಕದ ಮನೆಯವಳು ಸತ್ತು ವರ್ಷಗಳಾಗಿತ್ತು. ಗಂಡನಿಗೆ ಗೊತ್ತಿರಲಿಲ್ಲ. "ಯಾರಾದ್ರೂ ಕೂಗಿದ್ದಿದ್ರೆ ನೀನು ಓಡಿ ಬರ್ತಿದ್ದೆ ಅಂತ ಈಗ್ಲೂ ಅಂತಾರೆ ಪಾಪ. ನಾನು ಹೂಂ ಅಂತೀನಿ." ಇಸ್ತ್ರಿಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡಳು. "ನಿಂದು ನನ್ನ ಹೊಟ್ಟೇಲಿರಲಿ, ನಂದು ನಿನ್ನ ಹೊಟ್ಟೇಲಿರಲಿ."

ಮಾರನೆಯ ವರ್ಷ ಸೂಜಿಯಮ್ಮನಿಗೆ ರಜೆ. ಮಿಷನರಿಯ ರಜೆಯೆಂದರೆ ಕಾಲು ಚಾಚಿ ಮಲಗುವುದಲ್ಲ. ಸ್ಲೈಡ್ ಪ್ರೊಜೆಕ್ಟರ್ ಹೊತ್ತುಕೊಂಡು ಚರ್ಚಿನಿಂದ ಚರ್ಚಿಗೆ ಹೋಗಿ, ನೋಡಿ ನಮ್ಮ ಕೆಲಸ ಎಂದು ತೋರಿಸಿ, ಪ್ರಾರ್ಥನೆ ಮತ್ತು ಕಾಣಿಕೆ ಎರಡನ್ನೂ ಕೇಳಿಕೊಂಡು ಬರುವುದು. ಮೊದಲ ಮೂರು ಚರ್ಚುಗಳಲ್ಲಿ ವಾರ್ಡು, ತೊಟ್ಟಿಲು, ಔಷಧಿ ಬೀರು ತೋರಿಸಿದಳು. ಹಿರಿಯರು ಆಕಳಿಸಿದರು. ಒಬ್ಬರಂತೂ ಗೊರಕೆಯನ್ನೇ ಹೊಡೆದರು. "ಅಮ್ಮಾ, ಬೀರು ನಮ್ಮನೇಲೂ ಇದೆ. ಮನುಷ್ಯರ ಕತೆ ಹೇಳಿ" ಎಂದರು ಪಾದ್ರಿಗಳು.

ನಾಲ್ಕನೆಯ ಚರ್ಚಿನಲ್ಲಿ ಪರದೆಯ ಮೇಲೆ ನೀಲಕ್ಕನ ಚಿತ್ರ ಬಂತು. ಹಂಡೆಯ ಪಕ್ಕ, ನೀಲಿ ಕೈಗಳನ್ನು ಸೊಂಟಕ್ಕಿಟ್ಟು, ನಗುತ್ತಾ ನಿಂತಿದ್ದಳು. ಸೂಜಿಯಮ್ಮ ಬಾಯಿ ಬಿಟ್ಟಳು. ಸಭೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಮುಂದಿನ ಸಾಲಿನ ಹೆಂಗಸರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಆಮೇಲೆ ಅದೇ ಚಟವಾಯಿತು. ಇದ್ದದ್ದಕ್ಕೆ ಒಗ್ಗರಣೆಯೂ ಬಿತ್ತು. ಐದನೆಯ ಚರ್ಚಿನಲ್ಲಿ ನೀಲಕ್ಕ ಅತ್ತಳು, ಎಂಟನೆಯದರಲ್ಲಿ ಮೊಣಕಾಲೂರಿದಳು, ಹದಿನೈದನೆಯದರ ಹೊತ್ತಿಗೆ ಹೊಗೆಯ ನಡುವೆ ಕ್ಷಮಾಪಣೆಯ ಬೆಳಕನ್ನೂ ಕಂಡಳು. ಇಷ್ಟೆಲ್ಲ ಹೇಳುವಾಗಲೂ ತನ್ನ ಏಪ್ರನ್ನಿನ ಜೇಬಿನಲ್ಲಿ ನಾಲ್ಕು ದಿನ ಮಲಗಿದ್ದ ಟೆಲಿಗ್ರಾಮಿನ ಸುದ್ದಿ ಮಾತ್ರ ಅವಳ ಬಾಯಿಂದ ಒಮ್ಮೆಯೂ ಬರಲಿಲ್ಲ. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಕಾಣುತ್ತದಂತೆ. ಅವಳಿಗೆ ಅಷ್ಟೂ ಹೊಳೆಯಲಿಲ್ಲ. ಒಳ್ಳೆಯ ಕೆಲಸಕ್ಕೆ ತಾನೇ ಹೇಳುತ್ತಿರುವುದು, ನೀಲಕ್ಕ ಇರುವುದು ಸಮುದ್ರದಾಚೆ, ಯಾರು ಹೋಗಿ ಹೇಳುತ್ತಾರೆ ಎಂದುಕೊಂಡಳು.

ಹೇಳುವವರು ಆರು ವರ್ಷದ ಮೇಲೆ ಬಂದರು. ತವರಿನ ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ. ಕೆಟ್ಟ ಹೆಂಗಸಲ್ಲ. ಆ ವಯಸ್ಸಿನಲ್ಲಿ ಮಂಡಿನೋವು ಕಟ್ಟಿಕೊಂಡು ಅಷ್ಟು ದೂರ ಬಂದಿದ್ದಳು. ವಾರ್ಡು ನೋಡಿದವಳೇ, "ಆ ಬಟ್ಟೆ ಒಗೆಯೋ ಅಕ್ಕ ಎಲ್ಲಿ?" ಎಂದಳು. ಸೂಜಿಯಮ್ಮ ನೆಪ ಹುಡುಕುವುದರೊಳಗೆ, ಪೆಟ್ಟಿಗೆ ಹೊತ್ತು ಹಿಂದೆಯೇ ಬರುತ್ತಿದ್ದ ಗೇಟಿನಯ್ಯನಿಗೆ ಆಕೆಯ ಕೈಯಲ್ಲಿ, ಸ್ಲೈಡಿನಿಂದ ಮಾಡಿಸಿಕೊಂಡಿದ್ದ ತನ್ನ ಹೆಂಡತಿಯ ಫೋಟೋ ಕಾಣಿಸಿತು. ಅವನು ಹಿರಿಹಿರಿ ಹಿಗ್ಗಿ ತಾನೇ ಮುಂದಾಗಿ ಶೆಡ್ಡಿಗೆ ದಾರಿ ತೋರಿಸಿದ.

ಅಧ್ಯಕ್ಷೆ ನೀಲಕ್ಕನನ್ನು ತಬ್ಬಿಕೊಂಡು ಗಳಗಳ ಅತ್ತಳು. "ಆರು ವರ್ಷದಿಂದ ನಿನಗೋಸ್ಕರ ಪ್ರಾರ್ಥನೆ ಮಾಡ್ತಿದ್ದೀನಮ್ಮ. ಆವತ್ತು ಕರೆದಾಗ ನೀನು ಹೋಗಲಿಲ್ಲವಲ್ಲ, ಅದನ್ನ ದೇವರು ಕ್ಷಮಿಸಿದ್ದಾನೆ." ಹೇಳಿ ಸೂಜಿಯಮ್ಮನ ಮುಖ ನೋಡಿದಳು. ಎರಡೂ ಭಾಷೆ ಬಲ್ಲವಳು ಅಲ್ಲಿ ಅವಳೊಬ್ಬಳೇ.

ಸೂಜಿಯಮ್ಮ ನೀಲಕ್ಕನ ಕಡೆ ತಿರುಗಿದಳು. "ನೀನು ಒಗೆದ ಬಟ್ಟೆ ತುಂಬಾ ಬೆಳ್ಳಗಿದೆ ಅಂತಿದ್ದಾರೆ" ಎಂದಳು.

"ಅದಕ್ಕೆ ಅಳೋದ್ಯಾಕೆ?" ಎಂದು ಗೇಟಿನಯ್ಯ ನಕ್ಕ.

ಅಷ್ಟರಲ್ಲಿ ಅಧ್ಯಕ್ಷೆ ಚೀಲದಿಂದ ಒಂದು ಪೊಟ್ಟಣ ತೆಗೆದು ನೀಲಕ್ಕನ ಕೈಗಿಟ್ಟಳು. ಹಳದಿ ಉಲ್ಲನ್ನಿನಲ್ಲಿ ತಾನೇ ಹೆಣೆದ ಕುಲಾವಿ. ಒಂಬತ್ತು ತಿಂಗಳ ಮಗುವಿನ ತಲೆಗೆ ಸರಿಯಾಗುವಂಥದ್ದು. ಅದಕ್ಕೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ನೀಲಕ್ಕ ಅದನ್ನು ಮುಷ್ಟಿಯ ಮೇಲೆ ಹಿಡಿದು ನೋಡಿದಳು.

"ಇದ್ಯಾಕೆ? ನಮ್ಮನೇಲಿ ಯಾವ ಕೂಸಿದೆ?" ಎಂದ ಗೇಟಿನಯ್ಯ.

"ನಮ್ಮ ಮಗು ಹೋಗಿದ್ದನ್ನ ತಂಗಿಗೆ ಹೇಳಿದ್ದೆ. ಅವರಿಗೂ ಗೊತ್ತಾಗಿದೆ" ಎಂದಳು ನೀಲಕ್ಕ.

ಗೇಟಿನಯ್ಯನ ಕಣ್ಣು ತುಂಬಿತು. ಅವನು ಅಧ್ಯಕ್ಷೆಗೆ ಕೈಮುಗಿದ. "ಅವರಿಗೆ ಹೇಳಮ್ಮ, ಆವತ್ತು ಯಾರಾದ್ರೂ ಒಂದು ಮಾತು ಕೂಗಿದ್ದಿದ್ರೆ ಇವಳು ಇದ್ದ ಕೆಲಸ ಬಿಟ್ಟು ಓಡಿ ಬರ್ತಿದ್ಲು. ತುಂಬಾ ಜೀವ ಇತ್ತು ಆ ಮಗು ಅಂದ್ರೆ."

"ಏನಂತೆ?" ಎಂದಳು ಅಧ್ಯಕ್ಷೆ.

"ನಿಮಗೆ ಥ್ಯಾಂಕ್ಸ್ ಹೇಳ್ತಿದ್ದಾರೆ" ಎಂದಳು ಸೂಜಿಯಮ್ಮ. ಆ ಗಳಿಗೆಯಲ್ಲಿ ಭೂಮಿ ಬಾಯಿ ಬಿಟ್ಟಿದ್ದರೆ ಅವಳು ಸಂತೋಷದಿಂದ ಒಳಗಿಳಿಯುತ್ತಿದ್ದಳು. ಭೂಮಿ ಅಂಥ ಉಪಕಾರವನ್ನೆಲ್ಲ ಎಲ್ಲರಿಗೂ ಮಾಡುವುದಿಲ್ಲ.

ಅವರಿಬ್ಬರೂ ಹೊರಗೆ ಹೋದಮೇಲೆ ನೀಲಕ್ಕ ಕೇಳಿದಳು. "ಹತ್ತು ನಿಮಿಷದ್ದೂ ಹೇಳಿದ್ಯಾ?"

ಸೂಜಿಯಮ್ಮ ಹೌದೆಂದು ತಲೆಯಾಡಿಸಿದಳು.

"ಎಷ್ಟು ಜನಕ್ಕೆ?"

ಆ ಲೆಕ್ಕವನ್ನು ಅವಳು ಇಟ್ಟಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಅಮ್ಮನ ಮಾತನ್ನು ಇವಳು ಕೇಳಿದ್ದು ಯಾವಾಗ?

ಜಗಳವಾಗಲಿಲ್ಲ. ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾರನೆಯ ದಿನವೂ ಸೂಜಿಯಮ್ಮನ ಬಿಳಿ ಸೀರೆ ಗರಿಗರಿಯಾಗಿ, ಮಡಿಕೆ ಮುರಿಯದೆ ಬಂತು. ಅದರ ಮಾರನೆಯ ದಿನವೂ ಬಂತು. ಮೂರು ಗಂಟೆಗೆ ಶೆಡ್ಡಿಗೆ ಹೋದರೆ ಟೀ ಒಂದೇ ಲೋಟ ಇರುತ್ತಿತ್ತು, ಸ್ಟೂಲು ಒರೆಸಿಟ್ಟಿರುತ್ತಿತ್ತು. "ಕುಡೀರಿ ಸಿಸ್ಟರಮ್ಮ" ಎಂದು ಹೇಳಿ ನೀಲಕ್ಕ ಬಟ್ಟೆ ಒಣಹಾಕಲು ಹೊರಗೆ ಹೋಗುತ್ತಿದ್ದಳು. ಹದಿನೈದು ದಿನದ ಮೇಲೆ ಸೂಜಿಯಮ್ಮ ಹೋಗುವುದನ್ನೇ ನಿಲ್ಲಿಸಿದಳು. ಕ್ಷಮಿಸು ಎಂದು ಎರಡು ಸಲ ಕೇಳಿದಳು. "ಅಯ್ಯೋ, ಅದೆಲ್ಲ ಯಾವತ್ತೋ ಹೋಯ್ತು ಬಿಡಿ" ಎಂದಳು ನೀಲಕ್ಕ, ಎರಡು ಸಲವೂ ಅದೇ ದನಿಯಲ್ಲಿ. ಹಾಗೆ ಹನ್ನೆರಡು ವರ್ಷ ಕಳೆಯಿತು. ಆ ಹನ್ನೆರಡು ವರ್ಷದಲ್ಲಿ ಸೂಜಿಯಮ್ಮ ಸಾವಿರಾರು ಹೆರಿಗೆ ಮಾಡಿಸಿದಳು, ಒಳ್ಳೆಯ ಹೆಸರು ತೆಗೆದುಕೊಂಡಳು, ಮಧ್ಯಾಹ್ನದ ಟೀಯನ್ನು ಆಫೀಸಿನ ಮೇಜಿನ ಮೇಲೆ ಒಬ್ಬಳೇ ಕುಡಿದಳು.

ನಿವೃತ್ತಿಯ ದಿನ ಹಾರ ತುರಾಯಿ ಎಲ್ಲ ಮುಗಿಸಿಕೊಂಡು ಅವಳು ಶೆಡ್ಡಿನ ಬಾಗಿಲಿಗೆ ಹೋದಳು. ನೀಲಕ್ಕನ ತಲೆ ಪೂರ್ತಿ ನೆರೆತಿತ್ತು, ಉಗುರಿನ ನೀಲಿ ಹಾಗೇ ಇತ್ತು. ಗೇಟಿನಯ್ಯ ಹಿಂದಿನ ವರ್ಷ ತೀರಿಕೊಂಡಿದ್ದ, ಏನೂ ತಿಳಿಯದೆಯೇ. ಸೂಜಿಯಮ್ಮ ಏನೇನೋ ಹೇಳಬೇಕೆಂದು ಬಂದವಳು, "ಹೊರಟೆ ಅಕ್ಕ" ಎಂದಷ್ಟೇ ಅಂದಳು.

ನೀಲಕ್ಕ ಕೈ ಒರೆಸಿಕೊಂಡು ಹತ್ತಿರ ಬಂದಳು. ಸೂಜಿಯಮ್ಮನ ಹಳೆಯ ಕೋಟಿನ ಕಾಲರು ಸರಿಮಾಡಿದಳು. "ನಿಮ್ಮ ಟೆಲಿಗ್ರಾಮಿನ ವಿಷಯ ನಾನು ಯಾರಿಗೂ ಹೇಳಿಲ್ಲ ಸಿಸ್ಟರಮ್ಮ, ನಮ್ಮೆಜಮಾನರಿಗೂ ಹೇಳಿಲ್ಲ. ಹೊಟ್ಟೇಲೇ ಇದೆ. ನಿಶ್ಚಿಂತೆಯಾಗಿ ಹೋಗಿ ಬನ್ನಿ" ಎಂದಳು.

ಚುಚ್ಚಬೇಕೆಂದು ಹೇಳಿದ್ದಲ್ಲ. ಊರಿಗೆ ಹೊರಟವಳಿಗೆ ಧೈರ್ಯ ಇರಲಿ ಎಂದೇ ಹೇಳಿದ್ದು. ಸೂಜಿಯಮ್ಮ ಹಡಗಿನಲ್ಲಿ ಊಟ ಮಾಡಲಿಲ್ಲ.

ತವರಿನಲ್ಲಿ ಅಣ್ಣ ಮುದುಕನಾಗಿದ್ದ. ತಂಗಿ ಬಂದ ಎರಡನೆಯ ಬೆಳಿಗ್ಗೆ, ತಿಂಡಿಗೆ ಕೂತವನು ಗೋಡೆಯ ಮೇಲಿನ ಅಮ್ಮನ ಫೋಟೋ ನೋಡುತ್ತಾ ತನ್ನ ಹಳೆಯ ರಾಗ ತೆಗೆದ. "ಎರಡು ಟೆಲಿಗ್ರಾಮೂ ಒಟ್ಟಿಗೆ ಕೊಟ್ಟನಲ್ಲ ಆ ಪೋಸ್ಟಿನವನು, ಅವನ ಕೈ ಸೇದಿಹೋಗ! ನೀನು ಬರ್ತೀಯ ಅಂತ ಅಮ್ಮ ಬಾಗಿಲ ಕಡೇನೇ ನೋಡ್ತಿದ್ಲು." ಸೈಕಲ್ಲು ತುಳಿದುಕೊಂಡು ಹೊತ್ತಿಗೆ ಸರಿಯಾಗಿ ತಂದುಕೊಟ್ಟ ಆ ಬಡಪಾಯಿಗೆ ಹತ್ತೊಂಬತ್ತು ವರ್ಷದಿಂದ ಈ ಬೈಗುಳ. "ಇರಲಿ ಬಿಡು. ಈ ಭಾನುವಾರ ಚರ್ಚಿನಲ್ಲಿ ನಿನ್ನ ಸ್ಲೈಡ್ ಶೋ ಇಟ್ಟಿದ್ದಾರೆ. ಆ ಬಟ್ಟೆ ಒಗೆಯೋಳ ಕತೆ ಕೇಳಬೇಕಂತೆ ಎಲ್ಲರಿಗೂ."

ಸೂಜಿಯಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು. ಇಷ್ಟು ವರ್ಷ ಎಷ್ಟೋ ಸಭೆಗಳಲ್ಲಿ ನಿಂತು ಮಾತಾಡಿದ ಬಾಯಿ ಅದು. ಒಂದು ಚಂದದ ಮಾತೂ ಹೊರಡಲಿಲ್ಲ.

"ಮೊದಲನೇದು ಸೋಮವಾರಾನೇ ಬಂದಿತ್ತು ಅಣ್ಣ" ಎಂದಳು.