ದೊಡ್ಡಪ್ಪನ ಬೆರಳಿಗೆ ಸಿಗದ ಬಟನ್

ಹೋದ ವರ್ಷ ಭೂಮಿ ಹುಣ್ಣಿಮೆಗೆ ಶಿಕಾರಿಪುರದಿಂದ ಕುಪ್ಪಗಡ್ಡೆಯ ನಮ್ಮ ಮನೆಗೆ ಹೋಗಿದ್ದಾಗ ನಡೆದದ್ದು ಇದು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಸೊರಬದ ಬಸ್ಸಿನಲ್ಲಿ ನಿಂತುಕೊಂಡೇ ಓದಿ, ಫೇಲಾದ ವಿಷಯಗಳನ್ನು ಮತ್ತೆ ಕಟ್ಟಿ ಬಿಸಿಎ ಪಾಸು ಮಾಡಿದೆ. ಈಗ ಶಿಕಾರಿಪುರದಲ್ಲಿ ಮೊಬೈಲ್ ಆ್ಯಪ್ ಮಾಡುವ ಚಿಕ್ಕ ಆಫೀಸಿನಲ್ಲಿ ಕೆಲಸ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸಕ್ಕರೆ ಕಾಯಿಲೆಯಿಂದ ದೊಡ್ಡಪ್ಪನ ಕಣ್ಣು ಹೋಗಿ ಕೆಲವು ವರ್ಷವಾಗಿದೆ. ಫೋನ್ ಮಾಡಬೇಕೆಂದರೆ ಮನೆಯವರ ಹತ್ತಿರ ನಂಬರ್ ಒತ್ತಿಸಿಕೊಳ್ಳಬೇಕು. ಅವರು ಮೊದಲು "ಏನ್ ವಿಷ್ಯ?" ಎನ್ನುತ್ತಾರೆ. ದೊಡ್ಡಪ್ಪನಿಗೆ ಅದೇ ಆಗಿಬರುವುದಿಲ್ಲ. ಅದಕ್ಕೇ ನಾನೊಂದು ಆ್ಯಪ್ ಬರೆದೆ. ಪರದೆಯ ಮೇಲೆ ಮೂರೇ ಬಟನ್: ಮೇಲಿನದು ಚಂದ್ರಗುತ್ತಿಯ ಅತ್ತೆಗೆ, ನಡುವಿನದು ಕುಬಟೂರಿನ ಗೆಳೆಯನಿಗೆ, ಕೆಳಗಿನದು ನನಗೆ. ಬೆರಳು ಜಾರಿಸುತ್ತ ಹೋದರೆ ಬಟನ್ ಇರುವಲ್ಲಿ ಫೋನ್ ನಡುಗಬೇಕು, ಅಲ್ಲಿ ಬೆರಳೆತ್ತಿದರೆ ಕರೆ ಹೋಗಬೇಕು.

ದೊಡ್ಡಪ್ಪ ಪಕ್ಕದ ಮನೆಯವರನ್ನೂ ಜಗಲಿಗೆ ಕರೆದರು. "ನಮ್ ಹುಡ್ಗಿ ಮಾಡಿದ್ದು, ನೋಡ್ರಿ" ಎಂದು ಬೆರಳಿಟ್ಟರು. ಮೇಲ್ಗಡೆ ಫೋನ್ ನಡುಗಿತು, ಬೆರಳೆತ್ತಿದರು, ಅತ್ತೆ ಸಿಕ್ಕರು. ಮಾತಾಡಿ ಇಟ್ಟು ಗೆಳೆಯನಿಗೆಂದು ಬೆರಳನ್ನು ಕೆಳಗೆ ಜಾರಿಸಿದರು. ಎಲ್ಲೂ ನಡುಗಲಿಲ್ಲ. ಹುಡುಕುತ್ತ ಮೇಲೆ ಬಂದಾಗ ನಡುಗಿತು, ಬೆರಳೆತ್ತಿದರು.

"ಎಂಥ ಆತಣ್ಣ ನಿಂಗೆ? ಈಗ ತಾನೆ ಇಟ್ಯಲ್ಲ!" ಅತ್ತೆಯದೇ ಧ್ವನಿ.

ನನ್ನ ಬಟನ್ ಹುಡುಕಿದಾಗಲೂ ಅದೇ ಕಥೆ. "ಹಬ್ಬದ ಅಡ್ಗೆ ಮಾಡಕ್ಕೆ ಬಿಡ್ತೀಯೋ ಇಲ್ವೋ ಮಾರಾಯ?" ಎಂದು ಅತ್ತೆ ರೇಗಿದರು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ದೊಡ್ಡಪ್ಪ ನಗಲಿಲ್ಲ. ಫೋನ್ ನನ್ನ ಕೈಗಿಟ್ಟು, "ಬಿಡು ಮಗಾ, ಇವ್ರನ್ನೇ ಕೇಳಿದ್ರಾತು" ಎಂದರು.

ಆದರೆ ಆಫೀಸಿನಲ್ಲಿ ಸರಿಯಾಗಿಯೇ ಇತ್ತಲ್ಲ? ಲ್ಯಾಪ್‌ಟಾಪ್ ತೆಗೆದು, ಪ್ರತಿ ಬಟನ್ ತಾನು ಎಲ್ಲಿದ್ದೇನೆ ಎನ್ನುತ್ತದೋ ನೋಡಿದೆ. ಎಡದಿಂದ ಸೊನ್ನೆ, ಮೇಲಿನಿಂದ ಸೊನ್ನೆ. ಮೂರಕ್ಕೂ ಅದೇ ಉತ್ತರ! ಕಣ್ಣಿಗೆ ಒಂದರ ಕೆಳಗೊಂದು ಕಾಣುವ ಬಟನ್‌ಗಳು ಒಂದೇ ಮೂಲೆಯಲ್ಲಿ ಹೇಗಿರುತ್ತವೆ?

ಅಷ್ಟರಲ್ಲಿ ಬ್ಯಾಟರಿ ಮುಗಿಯುತ್ತ ಬಂತು. "ದೊಡ್ಡಮ್ಮ, ನನ್ ಚಾರ್ಜರ್ ಎಲ್ಲಿಟ್ರಿ?" ಎಂದು ಕೂಗಿದೆ.

"ಮೂಲೇಲೈತೆ ನೋಡೇ," ಒಳಗಿಂದ ದೊಡ್ಡಮ್ಮ.

"ಯಾವ ಮೂಲೆ?"

"ಡಬ್ಬದ ಮೂಲೆ."

"ಡಬ್ಬ ಎಲ್ಲಿ?"

"ಕಪಾಟಲ್ಲಿ. ಇನ್ನು ಕಪಾಟು ಎಲ್ಲೈತೆ ಅಂತ ಕೇಳ್ಬೇಡ, ಡಿಗ್ರಿ ಮಾಡಿದೋಳೆ!"

ನಾನು ಕಪಾಟಿನ ಮುಂದೆ ಹಾಗೇ ನಿಂತುಬಿಟ್ಟೆ. ಆಫೀಸಿನಲ್ಲಿ ಪರೀಕ್ಷೆ ಮಾಡಿಯಾದ ಮೇಲೆ, ಊರಿಗೆ ಹೊರಡುವ ಮೊದಲು ಪ್ರತಿ ಬಟನ್ನಿನ ಸುತ್ತ ಒಂದು ಬಣ್ಣದ ಚೌಕಟ್ಟು ಹಾಕಿದ್ದೆ. ಅಲ್ಲಿಗೆ ಬಟನ್ ಚೌಕಟ್ಟಿನೊಳಗೆ, ಚೌಕಟ್ಟು ಮೂರನ್ನೂ ಸಾಲಾಗಿ ಜೋಡಿಸಿದ ಪಟ್ಟಿಯೊಳಗೆ, ಪಟ್ಟಿ ಪರದೆಯೊಳಗೆ. ಬಟನ್‌ಗಳು ಸುಳ್ಳು ಹೇಳಿರಲಿಲ್ಲ. ತಮ್ಮ ತಮ್ಮ ಚೌಕಟ್ಟಿನ ಮೂಲೆಯನ್ನಷ್ಟೇ ಹೇಳಿದ್ದವು. ನಾನು ಅದನ್ನೇ ಪರದೆಯ ಮೂಲೆ ಅಂದುಕೊಂಡಿದ್ದೆ. ಬಟನ್ನಿನಿಂದ ಹೊರಟು ಒಂದೊಂದೇ ಪೆಟ್ಟಿಗೆ ದಾಟುತ್ತ, ಪ್ರತಿಯೊಂದು ತನ್ನ ಹೊರಗಿನದರೊಳಗೆ ಎಷ್ಟು ದೂರದಲ್ಲಿದೆಯೋ ಅದನ್ನು ಕೂಡಿಸುತ್ತ ಪರದೆಯವರೆಗೆ ಬಂದೆ. ಆಗ ಮೂರಕ್ಕೂ ಬೇರೆ ಬೇರೆ ಜಾಗ ಸಿಕ್ಕಿತು. ಈ ಕೆಲಸವನ್ನು ಒಂದೇ ಸಾಲಿನಲ್ಲಿ ಮಾಡುವ ಆಜ್ಞೆ ಇದೆ ಎಂದು ಆಮೇಲೆ ತಿಳಿಯಿತು. ಇರಲಿ, ಕೂಡಿಸಿ ತಿಳಿದದ್ದು ಮರೆಯುವುದಿಲ್ಲ.

ಸರಿಮಾಡಿದ ಫೋನ್ ಕೈಗಿಟ್ಟು ತಪ್ಪು ಎಲ್ಲಾಗಿತ್ತೆಂದು ಹೇಳಿದಾಗ, "ಚೌಕಟ್ಟು ಯಾಕೆ ಹಾಕಿದ್ದೆ?" ಎಂದು ದೊಡ್ಡಪ್ಪ ಕೇಳಿದರು.

"ನೋಡಕ್ಕೆ ಚೆಂದ ಇರ್ಲಿ ಅಂತ."

"ಯಾರು ನೋಡಕ್ಕೆ ಮಗಾ?"

ಈ ಸಲ ಅವರೇ ಮೊದಲು ನಕ್ಕರು. ನಾಲಿಗೆ ಕಚ್ಚಿಕೊಂಡು ನಾನೂ ನಕ್ಕೆ.

ಶಿಕಾರಿಪುರಕ್ಕೆ ವಾಪಸಾದ ಮೇಲೆ ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ದೊಡ್ಡಪ್ಪನ ಫೋನ್ ಬಂತು. ಊರಿನ ಫೋನ್ ಎಂದರೆ ಏನೋ ಸುದ್ದಿಯೇ ಇರಬೇಕು. ಗಾಬರಿಯಿಂದ "ಏನಾಯ್ತು ದೊಡ್ಡಪ್ಪ?" ಎಂದೆ.

"ಎಂಥದೂ ಇಲ್ಲ. ಸುಮ್ನೆ ಮಾಡ್ದೆ."

ಕಣ್ಣು ಹೋದ ಮೇಲೆ ಅವರು ಸುಮ್ಮನೆ ಫೋನ್ ಮಾಡಿದ್ದು ಅದೇ ಮೊದಲು. ಬೇರೆಯವರಿಂದ ನಂಬರ್ ಒತ್ತಿಸಿಕೊಳ್ಳುವವರು ವಿಷಯವಿಲ್ಲದೆ ಹೇಗೆ ಕೇಳುತ್ತಾರೆ? ಈಗಲೂ ಆಗಾಗ ಮಾಡುತ್ತಾರೆ. ಮಾತಿಗೆ ತಲೆಬುಡ ಇರುವುದಿಲ್ಲ. ಎಷ್ಟೇ ಕೆಲಸವಿರಲಿ, ನಾನು ಎತ್ತುತ್ತೇನೆ.